ಇಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ?

ಊರಿನಿಂದ ಲಂಡನ್‌ಗೆ ಯಾರೇ ಬಂದರೂ ನಾನು ಅವರನ್ನು ಹ್ಯಾಂಪ್‌ಸ್ಟೆಡ್ ಹೀತ್‌ಗೆ ಕರೆದುಕೊಂಡು ಹೋಗುತ್ತೇನೆ. ಅರಮನೆ, ಟವರ್ ಬ್ರಿಡ್ಜ್, ದೊಡ್ಡ ಗಡಿಯಾರ ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ಹೀತ್‌ನಲ್ಲಿ ಸ್ವಲ್ಪ ದೂರ ನಡೆದ ಮೇಲೆ ಎಲ್ಲರೂ ಕೇಳುವುದು ಒಂದೇ: ಸಿಟಿ ಒಳಗೆ ಇಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ? ನಮ್ಮ ಸೋದರಮಾವನಂತೂ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು, "ಇದು ಬೆಂಗಳೂರಾಗಿದ್ರೆ ಇಷ್ಟೊತ್ತಿಗೆ ಲೇಔಟ್ ಮಾಡಿ, ಥರ್ಟಿ ಫಾರ್ಟಿ ಸೈಟ್ ಹಂಚಿ ಮುಗಿಸಿರೋರು ಕಣೋ" ಅಂದರು. ಇಲ್ಲೇ ಇರುವ ಕನ್ನಡದ ಗೆಳೆಯರ ಪ್ರಶ್ನೆ ಬೇರೆ. ವಾರ ವಾರ ಅದೇ ಹುಲ್ಲು ನೋಡೋಕೆ ಯಾಕೆ ಹೋಗ್ತೀಯ ಅಂತ. ಮೊದಲನೆಯದಕ್ಕೆ ಉತ್ತರ ಹೇಳಿದರೆ ಎರಡನೆಯದಕ್ಕೂ ಸಿಗುತ್ತದೆ ಅನ್ನಿಸುತ್ತದೆ. ಅದಕ್ಕೇ ಬರೆದು ಇಟ್ಟುಬಿಡೋಣ ಅಂತ ಕೂತೆ.

ನೋಡದವರಿಗೆ ಮೊದಲು ಜಾಗದ ಪರಿಚಯ. ಉತ್ತರ ಲಂಡನ್‌ನ ಗುಡ್ಡದ ಮೇಲೆ ಸುಮಾರು 320 ಹೆಕ್ಟೇರ್, ಅಂದರೆ 800 ಎಕರೆಗೆ ಹತ್ತಿರ. ಮೂರು ಲಾಲ್‌ಬಾಗ್ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಆದರೆ ಲಾಲ್‌ಬಾಗ್ ತರ ಅಲ್ಲ. ಬಹುಪಾಲು ಕಡೆ ಬೇಲಿ ಇಲ್ಲ, ಗೇಟ್ ಇಲ್ಲ, ಹೂವಿನ ಪಾತಿ ಇಲ್ಲ. ಸೊಂಟದೆತ್ತರ ಹುಲ್ಲು, ಮುಳ್ಳುಪೊದೆ, ಹಳೇ ಓಕ್ ಮರಗಳು, ಕೆಸರು, ಒಂದರ ಹಿಂದೊಂದು ಕೆರೆಗಳು. ರಾತ್ರಿ ಹನ್ನೆರಡಕ್ಕೂ ಒಳಗೆ ಹೋಗಬಹುದು. ಪಾರ್ಲಿಮೆಂಟ್ ಹಿಲ್ ಅನ್ನುವ 98 ಮೀಟರ್ ಎತ್ತರದ ದಿಬ್ಬ ಹತ್ತಿದರೆ ಇಡೀ ಲಂಡನ್ ಕಾಲ ಕೆಳಗೆ. ಅಲ್ಲಿಂದ ಸೇಂಟ್ ಪಾಲ್ಸ್ ಗುಮ್ಮಟ ಕಾಣುವುದಕ್ಕೆ ಅಡ್ಡ ಬರುವ ಹಾಗೆ ಕಟ್ಟಡ ಎಬ್ಬಿಸುವಂತಿಲ್ಲ, ಆ ನೋಟಕ್ಕೇ ನಗರ ಯೋಜನೆಯಲ್ಲಿ ರಕ್ಷಣೆ ಇದೆ.

ಇದೆಲ್ಲ ಖಾಲಿ ಉಳಿದದ್ದಕ್ಕೆ ಮೊದಲ ಕಾರಣ ಮಣ್ಣು. ಗುಡ್ಡದ ತಲೆಯ ಮೇಲೆ ಮರಳು, ಅದರ ಕೆಳಗೆ ಜೇಡಿ. ಮಳೆನೀರು ಮರಳಿನಲ್ಲಿ ಇಳಿದು, ಜೇಡಿ ಸಿಕ್ಕ ಕಡೆ ತಡೆದು, ಪಕ್ಕದಿಂದ ಒರತೆಯಾಗಿ ಹೊರಗೆ ಬರುತ್ತದೆ. ಕೆಲವು ಕಡೆ ನೀರಿನಲ್ಲಿ ಕಬ್ಬಿಣ ಜಾಸ್ತಿ, ಒರತೆಯ ಬಾಯಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಇಂಥ ಮರಳಲ್ಲಿ ಬೇಸಾಯ ಆಗುವುದಿಲ್ಲ. 986ರಲ್ಲಿ ಎಥೆಲ್ರೆಡ್ ರಾಜ ಹ್ಯಾಂಪ್‌ಸ್ಟೆಡ್ ಅನ್ನು ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಬಿಟ್ಟುಕೊಟ್ಟ ದಾಖಲೆ ಇದೆ. 1086ರ ಜಮೀನು ಲೆಕ್ಕದಲ್ಲಿ ಇಲ್ಲಿ 100 ಹಂದಿ ಮೇಯುವಷ್ಟು ಕಾಡಿದೆ ಅಂತ ಬರೆದಿದ್ದಾರೆ. ಆಮೇಲೆ ಶತಮಾನಗಟ್ಟಲೆ ಇದು ಊರಿನ ಗೋಮಾಳದ ಹಾಗೆ ನಡೆದುಕೊಂಡು ಬಂತು. ಜಮೀನ್ದಾರ ಒಬ್ಬನಿದ್ದ, ನೆಲ ಅವನ ಹೆಸರಲ್ಲಿತ್ತು. ಆದರೆ ಅವನ ಒಕ್ಕಲುಗಳಿಗೆ ದನ ಮೇಯಿಸುವ, ಬೇರು ಮಣ್ಣಿನ ಸಮೇತ ಹುಲ್ಲು ಕೀಳುವ, ಉರಿಸಲು ಮುಳ್ಳುಪೊದೆ ಕಡಿಯುವ ಹಕ್ಕು ತಲೆತಲಾಂತರದಿಂದ ಇತ್ತು. ಈ ಹಕ್ಕೇ ಮುಂದೆ ಕೈ ಹಿಡಿದದ್ದು.

ಕೆರೆಗಳೂ ತಾವಾಗಿ ಆದವಲ್ಲ. ಫ್ಲೀಟ್ ಅನ್ನುವ ಹೊಳೆ ಇಲ್ಲೇ ಹುಟ್ಟುತ್ತದೆ. ಈಗ ಅದು ಲಂಡನ್‌ನ ರಸ್ತೆಗಳ ಕೆಳಗೆ ಪೈಪಿನಲ್ಲಿ ಹರಿಯುತ್ತದೆ. 1692ರಲ್ಲಿ ಹುಟ್ಟಿದ ಒಂದು ನೀರಿನ ಕಂಪನಿ ಊರಿಗೆ ನೀರು ಮಾರಲು ಈ ಹೊಳೆಯ ತಲೆಗೆ ಕಟ್ಟೆ ಹಾಕುತ್ತ ಹೋಯಿತು. ಅವತ್ತಿನ ವಾಟರ್ ಸಪ್ಲೈ ಇವತ್ತು ಜನ ಈಜುವ ಕೆರೆ. ಗಂಡಸರಿಗೊಂದು, ಹೆಂಗಸರಿಗೊಂದು, ಇಬ್ಬರಿಗೂ ಸೇರಿ ಒಂದು. ಜನವರಿಯಲ್ಲೂ ಇಳಿಯುವವರಿದ್ದಾರೆ. ನಾನು ದಡದಲ್ಲಿ ಕೋಟಿನ ಜಿಪ್ ಗಂಟಲವರೆಗೆ ಎಳೆದುಕೊಂಡು ನೋಡುವವನು.

ಈಗ ಜಗಳದ ಕಥೆ. ನನಗೆ ಇದೇ ಇಷ್ಟ.

1821ರಲ್ಲಿ ಸರ್ ಥಾಮಸ್ ಮೇರಿಯನ್ ವಿಲ್ಸನ್ ಅನ್ನುವವನಿಗೆ ಹ್ಯಾಂಪ್‌ಸ್ಟೆಡ್ ಜಮೀನ್ದಾರಿಕೆ ಬಂತು. ಲಂಡನ್ ಆಗ ನಾಲ್ಕೂ ಕಡೆ ಊದಿಕೊಳ್ಳುತ್ತಿತ್ತು, ಸೈಟಿನ ಬೆಲೆ ಗಗನಕ್ಕೇರುತ್ತಿತ್ತು. ಪಕ್ಕದ ಜಮೀನ್ದಾರರೆಲ್ಲ ಮನೆ ಕಟ್ಟಿಸಲು ಭೂಮಿ ಕೊಟ್ಟು ದುಡ್ಡು ಎಣಿಸುತ್ತಿದ್ದರು. ಸರ್ ಥಾಮಸ್‌ಗೆ ಮಾತ್ರ ಒಂದು ತೊಡಕು. ಅಪ್ಪನ ಉಯಿಲಿನ ಪ್ರಕಾರ ಅವನು 21 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಕೊಡುವಂತಿರಲಿಲ್ಲ. ಅಷ್ಟು ಕಡಿಮೆ ಅವಧಿಗೆ ಯಾರು ಮನೆ ಕಟ್ಟುತ್ತಾರೆ? ಉಯಿಲಿನ ಕಟ್ಟು ಬಿಚ್ಚಬೇಕಾದರೆ ಪಾರ್ಲಿಮೆಂಟೇ ಕಾನೂನು ಮಾಡಬೇಕು. 1829ರಲ್ಲಿ ಮಸೂದೆ ತಂದ. ಸೋತ. ಮತ್ತೆ ತಂದ, ಮತ್ತೆ ಸೋತ. ನಲವತ್ತು ವರ್ಷ, ಸಾಯುವ ತನಕ ಇದೇ ಆಯಿತು.

ಅವನಿಗೆ ಅಡ್ಡ ನಿಂತವರೇನೂ ಋಷಿಮುನಿಗಳಲ್ಲ. ಹೀತ್ ಅಂಚಿನಲ್ಲಿ ದೊಡ್ಡ ಮನೆ ಇದ್ದ ಬ್ಯಾಂಕಿನವರು, ವಕೀಲರು. ತಮ್ಮ ಕಿಟಕಿಯ ಮುಂದೆ ಇನ್ನೊಬ್ಬನ ಗೋಡೆ ಏಳಬಾರದು ಅನ್ನುವುದು ಅವರ ಲೆಕ್ಕ. ಸ್ವಾರ್ಥ ಅಂತಲೇ ಇಟ್ಟುಕೊಳ್ಳಿ. ಆದರೆ ಭಾನುವಾರ ಗಾಳಿ ತೆಗೆದುಕೊಳ್ಳಲು ಬರುತ್ತಿದ್ದ ಬಡವರ ಹೆಸರನ್ನೂ ಅವರು ಜೋರಾಗಿಯೇ ಬಳಸಿಕೊಂಡರು, ಅದರಿಂದ ಬಡವರಿಗೂ ಲಾಭವಾಯಿತು. 1860ರಲ್ಲಿ ರೈಲು ಬಂದ ಮೇಲಂತೂ ರಜೆ ದಿನ ಇಲ್ಲಿ ಜಾತ್ರೆ.

ಸರ್ ಥಾಮಸ್ ಕಟ್ಟಿದ್ದು ಒಂದು ಉಳಿದಿದೆ, ಬಂದವರಿಗೆಲ್ಲ ಅದನ್ನು ತಪ್ಪದೆ ತೋರಿಸುತ್ತೇನೆ. ಹೀತ್‌ಗೆ ಅಂಟಿಕೊಂಡಿದ್ದ ತನ್ನ ಸ್ವಂತ ಜಮೀನಿನಲ್ಲಿ 28 ಬಂಗಲೆ ಕಟ್ಟಿಸುವ ಆಸೆಯಿಂದ, ಅನುಮತಿ ಸಿಗುವ ಮೊದಲೇ 1840ರ ದಶಕದಲ್ಲಿ ರಸ್ತೆ ಕೆಲಸ ಶುರು ಮಾಡಿಸಿದ. ತಗ್ಗು ದಾಟಲು ಕೆಂಪು ಇಟ್ಟಿಗೆಯ ಸೇತುವೆ ಎಬ್ಬಿಸಿದ. ಅಗಲವಾದ ಕಮಾನುಗಳು, ಕೆಳಗೆ ನೈದಿಲೆ ಎಲೆ ತೇಲುವ ಕೊಳ. ಎರಡು ಕುದುರೆಗಾಡಿ ಎದುರುಬದುರಾಗಿ ಹೋಗಬಹುದಾದ ಸೇತುವೆ ಈಗಲೂ ಗಟ್ಟಿಯಾಗಿದೆ. ದಾಟಿದರೆ ಆಚೆ ಕಡೆ ಬಂಗಲೆ ಇಲ್ಲ, ಬೀದಿ ಇಲ್ಲ, ಮರ ಅಷ್ಟೇ. ಕಥೆ ಪೂರ್ತಿ ಕೇಳಿದ ಮಾವ ಪ್ಯಾರಾಪೆಟ್ ಗೋಡೆ ತಟ್ಟಿ ನೋಡಿ, "ಪಾಪ, ಒಳ್ಳೇ ಕೆಲಸಾನೇ ಮಾಡ್ಸಿದಾನೆ ಕಣೋ" ಅಂದರು. ಅವರ ಸಹಾನುಭೂತಿ ಸರ್ ಥಾಮಸ್ ಕಡೆಗೇ!

ಕೊನೆ ಕೊನೆಗೆ ಅವನೂ ಹಟಕ್ಕೆ ಬಿದ್ದ. ಹೀತ್ ಮೇಲೇ ಮನೆ ಕಟ್ಟಲು ಕೈ ಹಾಕಿದ, ರೈಲ್ವೆ ಕೆಲಸಕ್ಕೆ ಮರಳು ತೋಡಿ ಮಾರಿದ. ಸ್ಯಾಂಡಿ ಹೀತ್ ಅನ್ನುವ ಭಾಗದಲ್ಲಿ ಆ ಗುಂಡಿಗಳ ಏರುತಗ್ಗು ಇನ್ನೂ ಇದೆ. ಅಷ್ಟರಲ್ಲಿ 1865ರಲ್ಲಿ ಗೋಮಾಳ ಉಳಿಸುವುದಕ್ಕೆಂದೇ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಶುರುವಾಗಿತ್ತು. ಗರ್ನಿ ಹೋರ್ ಅನ್ನುವ ಬ್ಯಾಂಕರ್ ಒಕ್ಕಲುಗಳ ಹಳೇ ಹಕ್ಕನ್ನೇ ಹಿಡಿದು ಕೋರ್ಟಿಗೆ ಹೋದ. ಹುಲ್ಲು ಕೀಳುವ ಹಕ್ಕು ನಮ್ಮದು, ಹುಲ್ಲೇ ಇಲ್ಲದ ಹಾಗೆ ಮಾಡಲು ನೀನ್ಯಾರು ಅಂತ. ತೀರ್ಪು ಬರುವ ಮೊದಲೇ 1869ರಲ್ಲಿ ಸರ್ ಥಾಮಸ್ ತೀರಿಕೊಂಡ. ಮದುವೆ ಆಗಿರಲಿಲ್ಲ, ಆಸ್ತಿ ತಮ್ಮನಿಗೆ ಹೋಯಿತು. ತಮ್ಮನಿಗೆ ಜಗಳ ಬೇಕಿರಲಿಲ್ಲ, ದುಡ್ಡು ಸಾಕಿತ್ತು. 1871ರ ಕಾಯ್ದೆಯಲ್ಲಿ 45,000 ಪೌಂಡ್ ಕೊಟ್ಟು ಸುಮಾರು 220 ಎಕರೆ ಜನರ ಪಾಲಿಗೆ ಬಂತು.

ಉಳಿದದ್ದು ತುಂಡು ತುಂಡಾಗಿ ಸೇರಿದ್ದು. 1889ರಲ್ಲಿ ಪಾರ್ಲಿಮೆಂಟ್ ಹಿಲ್ ಕಡೆಯ 260ಕ್ಕೂ ಹೆಚ್ಚು ಎಕರೆ, ಆ ಸೇತುವೆಯ ಜಮೀನೂ ಅದರ ಜೊತೆಗೆ. ಅದಕ್ಕಾಗಿ ಓಡಾಡಿದವರಲ್ಲಿ ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್ ಒಬ್ಬಳು. ಈ ಸಲ ಸುಮಾರು 3 ಲಕ್ಷ ಪೌಂಡ್ ಸುರಿಯಬೇಕಾಯಿತು, ತಡ ಮಾಡಿದ್ದಕ್ಕೆ ದಂಡ. 1920ರ ದಶಕದಲ್ಲಿ ಕೆನ್‌ವುಡ್ ಬಂಗಲೆ ಮತ್ತು ಅದರ ಕಾಡು ಸೇರಿತು. ಗಿನ್ನೆಸ್ ಮನೆತನದ ಲಾರ್ಡ್ ಐವೀ ಬಂಗಲೆಯನ್ನೂ ರೆಂಬ್ರಾಂಟ್, ವರ್ಮೀರ್ ಚಿತ್ರಗಳನ್ನೂ ಬಿಟ್ಟುಹೋದ. ಟಿಕೆಟ್ ಇಲ್ಲ, ಮಳೆ ಬಂದಾಗ ಒಳ್ಳೇ ಆಸರೆ. 1989ರಿಂದ ಹೀತ್ ನೋಡಿಕೊಳ್ಳುತ್ತಿರುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಜವಾದ ತಲೆನೋವು ಆಮೇಲೆ ಶುರುವಾದದ್ದು. 1871ರ ಕಾಯ್ದೆಯಲ್ಲಿ ಹೀತ್ ಅನ್ನು ಅದರ ಸಹಜ ಸ್ಥಿತಿಯಲ್ಲೇ ಕಾಪಾಡಬೇಕು, ಪಾರ್ಕ್ ಮಾಡಬಾರದು ಅನ್ನುವ ಅರ್ಥದ ಮಾತಿದೆ. ಸರಿ, ಯಾವ ಸಹಜ ಸ್ಥಿತಿ? ಕಾನ್‌ಸ್ಟೇಬಲ್ ಅನ್ನುವ ಚಿತ್ರಕಾರ 1820ರ ಸುಮಾರಿಗೆ ಇಲ್ಲೇ ಮನೆ ಮಾಡಿಕೊಂಡು ಹೀತ್ ಬಿಡಿಸಿದ್ದಾನೆ. ಅದರಲ್ಲಿ ಬೋಳು ದಿಬ್ಬ, ಮರಳು ತುಂಬುವ ಗಾಡಿ, ದನ, ತಲೆಯ ಮೇಲೆ ದೊಡ್ಡ ಆಕಾಶ. ಮರ ಕಡಿಮೆ. ಈಗ ಅದೇ ಜಾಗಕ್ಕೆ ಹೋದರೆ ಆಕಾಶವೇ ಕಾಣುವುದಿಲ್ಲ, ಅಷ್ಟು ಕಾಡು. ದನ ಕುರಿ ನಿಂತುಹೋದ ಮೇಲೆ ಬರ್ಚ್, ಓಕ್ ಸಸಿಗಳು ಮೇಲೆದ್ದವು. ಅವುಗಳ ನೆರಳಿಗೆ ನೇರಳೆ ಹೂ ಬಿಡುವ ಹೆದರ್ ಗಿಡ ಸೋತಿತು. ಮರಳು ನೆಲದ ಬಯಲಿನ ಗುರುತೇ ಆ ಗಿಡ, ಈಗ ಅದು ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ. ಅದನ್ನು ಉಳಿಸಲು ಕೆಲಸದವರು ಸಸಿ ಕೀಳುತ್ತಾರೆ, ಪೊದೆ ಸವರುತ್ತಾರೆ. 2019ರಲ್ಲಿ ಐದು ಕುರಿ ತಂದು ಬಿಟ್ಟು ಮೇಯಿಸಿ ನೋಡಿದರು. ಕಾಡು ಕಾಡಾಗಿ ಕಾಣಲಿ ಅಂತ ಸಂಬಳ ಕೊಟ್ಟು ಆಳು ಇಟ್ಟಿದ್ದಾರೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ.

ಅಲ್ಲಿ ನಿಂತಾಗ ನನಗೆ ಹೆಸರಘಟ್ಟ ನೆನಪಾಗುತ್ತದೆ. ಅದೂ ಮಹಾನಗರದ ಅಂಚಿನ ಹುಲ್ಲುಗಾವಲು. ಮರ ಇಲ್ಲ ಅಂದರೆ ಅದು ಹಾಳುಬಿದ್ದ ಜಾಗ, ಖರಾಬು ಅನ್ನುವುದು ನಮ್ಮ ರೂಢಿ. ಒಂದೋ ಅಲ್ಲಿ ಏನಾದರೂ ಕಟ್ಟಬೇಕು, ಇಲ್ಲ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳಬೇಕು. ಹುಲ್ಲಲ್ಲಿ ಗೂಡು ಕಟ್ಟುವ ಹಕ್ಕಿಗೆ ಮರ ಬೇಡ ಅನ್ನುವುದು ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ. 2021ರಲ್ಲಿ ತಳ್ಳಿಹಾಕಿದ್ದ ಸಂರಕ್ಷಣೆಯ ಪ್ರಸ್ತಾವಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿತು, 5,600 ಎಕರೆಗೂ ಜಾಸ್ತಿ. ಮಾವನಿಗೆ ಇದನ್ನು ಹೇಳಿದೆ. ಅವರು ಮೊದಲು ಕೇಳಿದ್ದು ಅಲ್ಲಿ ಎಕರೆಗೆ ಎಷ್ಟು ನಡೀತಿದೆ ಅಂತ.

ಇನ್ನು, ನಾನು ಯಾಕೆ ವಾರ ವಾರ ಹೋಗುತ್ತೇನೆ? ನಾನು ಬೆಳೆದ ಊರಿನ ಹೊರಗೆ ಒಂದು ಗೋಮಾಳ ಇತ್ತು. ಆಷಾಢದ ಗಾಳಿಗೆ ಅಲ್ಲೇ ನಮ್ಮ ಗಾಳಿಪಟ. ಈಗ ಅಲ್ಲಿ ಕಲ್ಲು ನೆಟ್ಟಿದ್ದಾರೆ, ಅರ್ಧದಷ್ಟು ಮನೆ ಎದ್ದಿವೆ. ಅದು ಕೈ ಬಿಡುವಾಗ ಊರಲ್ಲಿ ಯಾರೂ ಜಗಳ ಆಡಲಿಲ್ಲ. ನಮ್ಮ ಮನೆಯವರೂ ಆಡಲಿಲ್ಲ, ಅಲ್ಲೊಂದು ಸೈಟ್ ಸಿಗುತ್ತಾ ಅಂತ ವಿಚಾರಿಸಿದರು. ಪಾರ್ಲಿಮೆಂಟ್ ಹಿಲ್‌ಗೆ ಇಲ್ಲಿಯವರು ಕೈಟ್ ಹಿಲ್ ಅಂತಲೂ ಅನ್ನುತ್ತಾರೆ. ಗಾಳಿ ಜೋರಾಗಿರುವ ದಿನ ಮಕ್ಕಳು ದಾರ ಹಿಡಿದು ಓಡುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತರೆ ನನಗೆ ಎರಡೂ ಆಗುತ್ತದೆ, ಖುಷಿಯೂ ಹೊಟ್ಟೆಕಿಚ್ಚೂ. ಈ ಊರಿನಲ್ಲಿ ನನ್ನದು ಅನ್ನುವ ನೆಲ ಒಂದು ಗೇಣೂ ಇಲ್ಲ, ಬಾಡಿಗೆ ಮನೆ. ಆದರೂ ಈ 800 ಎಕರೆಯಲ್ಲಿ ನನಗೆ ಎಲ್ಲಿ ಬೇಕಾದರೂ ಕಾಲಿಡುವ ಹಕ್ಕಿದೆ. ಅದು ಸುಮ್ನೆ ಸಿಕ್ಕಿದ್ದಲ್ಲ, ಯಾರೋ ನಲವತ್ತು ವರ್ಷ ಮೊಂಡುತನ ಮಾಡಿದ್ದಕ್ಕೆ ಸಿಕ್ಕಿದ್ದು.

ಆ ಮೊಂಡುತನ ಈಗಲೂ ಇದೆ. 1975ರ ಆಗಸ್ಟ್ 14ರಂದು ಇಲ್ಲಿ ಎರಡೂವರೆ ಗಂಟೆಯಲ್ಲಿ 170 ಮಿಲಿಮೀಟರ್ ಮಳೆ ಸುರಿದಿತ್ತು. ಅಂಥ ಮಳೆ ಮತ್ತೆ ಬಂದರೆ ಹಳೇ ಕಟ್ಟೆಗಳು ತಡೆಯುತ್ತವೆಯೇ ಅನ್ನುವ ಭಯಕ್ಕೆ ಅವುಗಳನ್ನು ಎತ್ತರಿಸಲು ಹೊರಟಾಗ, 1897ರಿಂದ ಇರುವ ಹೀತ್ ಅಂಡ್ ಹ್ಯಾಂಪ್‌ಸ್ಟೆಡ್ ಸೊಸೈಟಿ 2014ರಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಹೀತ್‌ನ ರೂಪ ಕೆಡುತ್ತದೆ ಅನ್ನುವುದು ಅವರ ವಾದ. ಸೋತರು, ಕೆಲಸ ನಡೆಯಿತು. ನನ್ನನ್ನು ಕೇಳಿದರೆ ಕಟ್ಟೆ ಗಟ್ಟಿ ಮಾಡಿದ್ದೇ ಸರಿ. ಹಾಗಂತ ಕೋರ್ಟಿಗೆ ಹೋದವರ ಮೇಲೆ ನನಗೆ ಸಿಟ್ಟಿಲ್ಲ.

ಬರುವವರಿಗೆ ಒಂದೆರಡು ಮಾತು. ಏಪ್ರಿಲ್ ಹೊತ್ತಿಗೆ ಬನ್ನಿ. ಗಾರ್ಸ್ ಅನ್ನುವ ಮುಳ್ಳುಪೊದೆ ಮೈತುಂಬ ಹಳದಿ ಹೂ ಬಿಟ್ಟಿರುತ್ತದೆ. ಬಿಸಿಲು ಬಿದ್ದಾಗ ಹತ್ತಿರ ಹೋಗಿ ಮೂಸಿ ನೋಡಿ, ಥೇಟ್ ಕೊಬ್ಬರಿ ವಾಸನೆ. ನಮ್ಮ ಅಕ್ಕ ಹೂವಿಗೆ ಮೂಗು ಇಟ್ಟು, "ಯಾರೋ ಒಬ್ಬಟ್ಟಿಗೆ ಕಾಯಿ ಹುರೀತಿದಾರೆ" ಅಂದಳು. ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡಳು ಕೂಡ. ಮೇಲೆ ಕಿರುಚುತ್ತ ಹಸಿರು ಹಕ್ಕಿ ಹಾರಿದರೆ ಕಣ್ಣು ಉಜ್ಜಿಕೊಳ್ಳಬೇಡಿ, ಅದು ನಮ್ಮ ಗಿಳಿಯೇ. ಸಾಕಿದವರ ಕೈ ತಪ್ಪಿದ ಗಿಳಿಗಳು ಲಂಡನ್ ತುಂಬ ಸಂಸಾರ ಹೂಡಿವೆ. ಚಪ್ಪಲಿ ಬೇಡ, ಜೇಡಿ ಕೆಸರು ಒಂದು ಸಲ ಹಿಡಿದರೆ ಬಿಡುವುದಿಲ್ಲ. ಹ್ಯಾಂಪ್‌ಸ್ಟೆಡ್ ಟ್ಯೂಬ್ ಸ್ಟೇಷನ್‌ನಲ್ಲಿ ಇಳಿದರೆ ಲಿಫ್ಟ್‌ಗೇ ಕಾಯಿರಿ. ಗುಡ್ಡದ ಕೆಳಗೆ ಇರುವುದರಿಂದ ಇಡೀ ಟ್ಯೂಬ್‌ನಲ್ಲೇ ಅತಿ ಆಳದ ಸ್ಟೇಷನ್ ಅದು, ಸುತ್ತು ಮೆಟ್ಟಿಲು 320. ಚಿತ್ರಾನ್ನ ನಾನು ತರುತ್ತೇನೆ.