ಹೆಸರು ಒಂದೇ, ಮನುಷ್ಯರು ಬೇರೆ

ಹಳೆಯ ದಾಖಲೆಗಳನ್ನು ಓದಿ ವಂಶವೃಕ್ಷ ಬರೆದುಕೊಡುವುದು ನನ್ನ ಕೆಲಸ. ಹರಿದ ಪುಟ, ಮಾಸಿದ ಶಾಯಿ ಹೇಗೋ ನಿಭಾಯಿಸಬಹುದು. ಜಾಸ್ತಿ ಕಾಡುವುದು ಸ್ಪಷ್ಟವಾಗಿ ಬರೆದಿರುವ ಹೆಸರೇ. ತಾತನಿಗೂ ಅದೇ, ಮೊಮ್ಮಗನಿಗೂ ಅದೇ, ದೊಡ್ಡಪ್ಪನ ಮಗನಿಗೂ ಅದೇ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇಷ್ಟು: ಒಂದೊಂದು ದಾಖಲೆಯಲ್ಲಿ ಇರುವವನನ್ನೂ ಬೇರೆ ಮನುಷ್ಯ ಅಂತಲೇ ಇಟ್ಟುಕೊಳ್ಳಿ. ಇವನೇ ಅವನು ಅನ್ನಲು ಹೆಸರು ಬಿಟ್ಟು ಇನ್ನೊಂದು ಕಾರಣ ಸಿಕ್ಕಾಗ ಮಾತ್ರ ಸೇರಿಸಿ. ಸಾಫ್ಟ್‌ವೇರ್‌ನಲ್ಲಿ ಸೇರಿಸಲು ಒಂದು ಕ್ಲಿಕ್ ಸಾಕು. ಬಿಡಿಸಬೇಕಾದರೆ ಹೆಂಡತಿ, ಮಕ್ಕಳು, ಆಸ್ತಿ ಎಲ್ಲವನ್ನೂ ಮತ್ತೆ ಒಂದೊಂದಾಗಿ ಹಂಚಬೇಕು.

ಜರ್ಮನಿಯ ಸಂಗೀತಗಾರ ಬೀಥೋವನ್ ಮನೆಯನ್ನೇ ನೋಡಿ. ಅಲ್ಲಿ ಮೂವರು ಲುಡ್ವಿಗ್. ತಾತ ಲುಡ್ವಿಗ್ 1773ರಲ್ಲಿ ತೀರಿಕೊಂಡ. 1769ರಲ್ಲಿ ಹುಟ್ಟಿದ ಮೊಮ್ಮಗ ಲುಡ್ವಿಗ್ ಮರಿಯಾ ಕೆಲವೇ ದಿನ ಬದುಕಿದ. ಮೂರನೆಯವನೇ ಆ ಸಂಗೀತಗಾರ. ಅವನ ದೀಕ್ಷಾಸ್ನಾನ, ಅಂದರೆ ಮಗುವನ್ನು ಚರ್ಚಿಗೆ ಸೇರಿಸುವ ವಿಧಿ, ಆಗಿದ್ದು 1770ರ ಡಿಸೆಂಬರ್ 17ರಂದು. ಆ ವಿಧಿಯಲ್ಲಿ ಮಗುವಿನ ಗಾಡ್‌ಫಾದರ್, ಅಂದರೆ ಧರ್ಮಪಿತ, ಆಗಿ ನಿಂತವನು ತಾತ, ಹಾಗಾಗಿ ಆ ಒಂದೇ ದಾಖಲೆಯಲ್ಲಿ ಇಬ್ಬರು ಲುಡ್ವಿಗ್! ತಮಾಷೆ ಏನೆಂದರೆ, ಬೀಥೋವನ್‌ಗೇ ತನ್ನ ವಯಸ್ಸು ಸರಿಯಾಗಿ ಗೊತ್ತಿರಲಿಲ್ಲ. 1810ರಲ್ಲಿ ದೀಕ್ಷಾಸ್ನಾನದ ಪ್ರಮಾಣಪತ್ರ ಕಳಿಸುವಂತೆ ಗೆಳೆಯ ವೆಗೆಲರ್‌ಗೆ ಬರೆದ. ತನಗಿಂತ ಮೊದಲು ಹುಟ್ಟಿದ ಲುಡ್ವಿಗ್ ಒಬ್ಬನಿದ್ದ, ಹುಷಾರು ಅಂತ ಎಚ್ಚರಿಸಿದ. ಸರಿಯಾದದ್ದೇ ಬಂತು. ಆದರೂ ಅವನು ನಂಬಲಿಲ್ಲ. ತಾನು ಹುಟ್ಟಿದ್ದು 1772ರಲ್ಲಿ ಅಂತಲೇ ಅಂದುಕೊಂಡಿದ್ದ. 'ನಮ್ಮ ಮನೆಯವರ ವಿಷಯ ನಮಗೆ ಗೊತ್ತಿಲ್ವಾ' ಅಂತ ಯಾರಾದರೂ ವಾದಕ್ಕೆ ನಿಂತರೆ ನಾನು ಈ ಕಥೆ ಹೇಳುತ್ತೇನೆ.

ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆಗ ಮಾಮೂಲು. ಒಂದೇ ತಂದೆತಾಯಿಗೆ ಒಂದೇ ಹೆಸರಿನ ಎರಡು ಮಕ್ಕಳು ಕಂಡರೆ ನಡುವೆ ಒಂದು ಸಾವಿನ ದಾಖಲೆ ಹುಡುಕಿ. ಸಿಗಲಿಲ್ಲವಾ? ಸುಮ್ನೆ ಮೊದಲನೆಯದನ್ನು ಸಾಯಿಸಬೇಡಿ. ಬದುಕಿರುವ ಇಬ್ಬರಿಗೂ ಒಂದೇ ಹೆಸರಿಟ್ಟ ಮನೆಗಳೂ ಇದ್ದವು.

ಕೆಲವೊಮ್ಮೆ ಇದು ಉಲ್ಟಾ. ಇಂಗ್ಲೆಂಡಿನ ಹಳೆಯ ಚರ್ಚ್ ರಿಜಿಸ್ಟರ್‌ನಲ್ಲಿ ಒಂದು ಮಗುವಿಗೆ 1720ರ ಮೇ ತಿಂಗಳಲ್ಲಿ ದೀಕ್ಷಾಸ್ನಾನ, 1720ರ ಫೆಬ್ರವರಿಯಲ್ಲಿ ಸಮಾಧಿ ಅಂತ ಇದೆ ಅಂದುಕೊಳ್ಳಿ. ಎರಡು ಮಕ್ಕಳು ಅನ್ನಿಸುತ್ತದೆ, ಅಲ್ವಾ? 1752ಕ್ಕೆ ಮುಂಚೆ ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721. ಮಗು ಒಂದೇ ಇರಬಹುದು. ಅಲ್ಲಿನ 'ಸೀನಿಯರ್', 'ಜೂನಿಯರ್' ಕೂಡ ಅಪ್ಪ, ಮಗ ಅಂತಲೇ ಅಲ್ಲ. ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ಸಂಬಂಧವೇ ಇಲ್ಲದವರೂ ಇರಬಹುದು. ಹಿರಿಯ ಸತ್ತ ಮೇಲೆ ನಿನ್ನೆಯ ಜೂನಿಯರ್ ಇವತ್ತು ಸೀನಿಯರ್.

ಹಾಗಾದರೆ ಯಾವುದನ್ನು ನಂಬುವುದು? ನಾನು ಸುತ್ತಲಿನ ಜನರನ್ನು ನೋಡುತ್ತೇನೆ. ಹೆಂಡತಿಯ ಹೆಸರು, ಸಾಕ್ಷಿ ಹಾಕಿದವರು, ಪಕ್ಕದ ಜಮೀನಿನವರು, ಕಸುಬು. ಸಹಿಯೂ ಸಹಾಯ ಮಾಡುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಯೌವನದಲ್ಲಿ ಚೆನ್ನಾಗಿ ಸಹಿ ಮಾಡಿದವನು ಉಯಿಲಿನಲ್ಲಿ ಬರೀ ಗುರುತು ಹಾಕಿದ್ದರೆ ಅವನು ಬೇರೆಯವನೇ ಆಗಬೇಕಿಲ್ಲ. ಸಾಯುವ ಹೊತ್ತಿಗೆ ಕೈ ನಡುಗಿರುತ್ತದೆ.

ಸಿಕ್ಕ ಪ್ರತಿಯೊಬ್ಬನಿಗೂ ಒಂದು ನಂಬರ್ ಕೊಡುತ್ತೇನೆ. ಇದು ಹಳೆಯ ಉಪಾಯ. ಸಂಗೀತಗಾರ ಬಾಖ್ 1735ರಲ್ಲಿ ತನ್ನ ವಂಶಾವಳಿ ಬರೆದಾಗ ಎಲ್ಲರಿಗೂ ಕ್ರಮಸಂಖ್ಯೆ ಕೊಟ್ಟಿದ್ದ, ತಾನು 24. ಬೇರೆ ದಾರಿಯೇ ಇರಲಿಲ್ಲ ಬಿಡಿ. ಅವನ ಅಪ್ಪನ ಅವಳಿ ಸಹೋದರನೂ ಯೋಹಾನ್ ಕ್ರಿಸ್ಟೋಫ್, ಅವನ ಸ್ವಂತ ಅಣ್ಣನೂ ಯೋಹಾನ್ ಕ್ರಿಸ್ಟೋಫ್.

ಕೊನೆಗೂ ಬಗೆಹರಿಯದವರು ಉಳಿಯುತ್ತಾರೆ. 'ಹೆಸರು ಒಂದೇ ಅಲ್ವಾ, ಸೇರಿಸಿಬಿಡಿ ಸರ್' ಅನ್ನುತ್ತಾರೆ ಗ್ರಾಹಕರು. ನಾನು ಸೇರಿಸುವುದಿಲ್ಲ. ಇಬ್ಬರನ್ನೂ ಬೇರೆಯಾಗಿ ಬರೆದು, ಯಾವ ದಾಖಲೆ ಸಿಕ್ಕರೆ ತೀರ್ಮಾನ ಆಗುತ್ತದೆ ಅಂತ ಕೆಳಗೆ ನಮೂದಿಸುತ್ತೇನೆ. ಜಾಸ್ತಿ ಸಲ ಅದು ಉಯಿಲು. ಆಸ್ತಿ ಬಿಟ್ಟುಹೋಗುವವರು ಯಾವ ಮಗ, ಯಾವ ಅಳಿಯ ಅನ್ನುವುದನ್ನು ಬಿಡಿಸಿ ಹೇಳಿರುತ್ತಾರೆ.