ಕರೆದ ಮೇಲೆ ಹಿಡಿಯಬೇಕು: ತೆಂಗಿನ ತೋಟದ ಮೋಹಕ ಬಲೆ

ಕೆಂಪು ಮೂತಿ ಹುಳುವನ್ನು ವಾಸನೆಯಿಂದ ಕರೆಯುವ ಲೂರ್ ಪೊಟ್ಟಣವನ್ನು ತೋಟದ ನಡುವಿನ ಎಳೆಯ ತೆಂಗಿಗೇ ಕಟ್ಟಿ, ಬುಡದಲ್ಲೊಂದು ಬಕೆಟ್ ಇಟ್ಟು, ಬಲೆ ಹಾಕಿದ್ದಾಯಿತು ಎಂದು ನೆಮ್ಮದಿಯಾಗಿರುವವರು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬೇಕಾದಷ್ಟಿದ್ದಾರೆ. ಆ ಪೊಟ್ಟಣಕ್ಕೆ ಹುಳುವನ್ನು ಕೊಲ್ಲುವ ಶಕ್ತಿಯಿಲ್ಲ. ಅದು ಕರೆಯುತ್ತದೆ, ಅಷ್ಟೆ. ಕರೆಗೆ ಬಂದ ಹುಳು ಬಕೆಟ್ಟಿಗೆ ಬೀಳದಿದ್ದರೆ ಪಕ್ಕದ ಸಸಿಯ ಬುಡ ಸೇರುತ್ತದೆ. ಬಲೆ ಹಾಕಿದ ಮೇಲೆಯೇ ಮರ ಹೋಯಿತು ಎಂಬ ದೂರು ಎಷ್ಟೋ ಸಲ ನಿಜವಾಗಿರುವುದು ಇದರಿಂದಲೇ.

ಕಾಸರಗೋಡಿನ ತೆಂಗಿಗೆ ಮುಖ್ಯ ವೈರಿಗಳು ಎರಡು. ಒಂದು ಕುರುವಾಯಿ ಎಂಬ ದುಂಬಿ, ಮಲಯಾಳಂ ಮಾತಾಡುವ ಕೆಲಸದವರ ಬಾಯಲ್ಲಿ ಕೊಂಬನ್ ಚೆಲ್ಲಿ. ಇನ್ನೊಂದು ಕೆಂಪು ಮೂತಿ ಹುಳು, ಅವರ ಚೆಂಬನ್ ಚೆಲ್ಲಿ. ಕುರುವಾಯಿ ಸುಳಿಯನ್ನು ಕೊರೆದು ತಿನ್ನುತ್ತದೆ. ಗರಿ ಬಿಡಿಸಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಇದರಿಂದ ದೊಡ್ಡ ಮರ ಸಾಯುವುದು ಅಪರೂಪ. ಆದರೆ ಅದು ಮಾಡಿದ ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಇನ್ನೂರು ಮುನ್ನೂರು ಮೊಟ್ಟೆ ಇಟ್ಟೀತು. ಮೂರು ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಕಾಂಡದೊಳಗೆ ಇಳಿಯುತ್ತವೆ. ಸುಳಿ ಬಾಡಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ತಿರುಳು ಮುಗಿದಿರುತ್ತದೆ. ಹೆಚ್ಚು ಅಪಾಯ ಐದರಿಂದ ಇಪ್ಪತ್ತು ವರ್ಷದೊಳಗಿನ ಮರಗಳಿಗೆ.

ಗಾಯದ ವಾಸನೆ ಮರದ್ದು. ಇದಕ್ಕಿಂತ ಜೋರಾದ ಕರೆ ಹುಳುವಿನದೇ. ಆಹಾರ ಸಿಕ್ಕಿದ ಗಂಡು ಮೂತಿ ಹುಳು ಫೆರುಜಿನಿಯಾಲ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ರಸಾಯನಶಾಸ್ತ್ರದ ಹೆಸರು 4-ಮೀಥೈಲ್-5-ನೋನನಾಲ್. ಮಾರುಕಟ್ಟೆಯ ಲೂರ್‌ನಲ್ಲಿ ಇದರ ಒಂಬತ್ತು ಪಾಲಿಗೆ ಫೆರುಜಿನಿಯೋನ್ ಒಂದು ಪಾಲು ಬೆರೆಸಿರುತ್ತಾರೆ. ಇದು ಗುಂಪುಗೂಡಿಸುವ ಫೆರೊಮೋನ್, ಅಂದರೆ ತನ್ನ ಜಾತಿಯವನ್ನು ಕರೆಯಲು ಕೀಟ ಬಿಡುವ ವಾಸನೆ. ಗಂಡೂ ಬರುತ್ತದೆ, ಹೆಣ್ಣೂ ಬರುತ್ತದೆ, ಬಕೆಟ್ಟಿಗೆ ಬೀಳುವುದರಲ್ಲಿ ಸಾಮಾನ್ಯವಾಗಿ ಹೆಣ್ಣೇ ಹೆಚ್ಚು.

ಗುಂಪುಗೂಡಿಸುವ ಫೆರೊಮೋನ್‌ಗೂ ಲೈಂಗಿಕ ಫೆರೊಮೋನ್‌ಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಬಲೆ ಕೊಳ್ಳಬಾರದು. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಅವರ ತಂಡ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಬೇರ್ಪಡಿಸಿದ ಬಾಂಬಿಕಾಲ್ ಲೈಂಗಿಕ ಫೆರೊಮೋನ್: ಹೆಣ್ಣು ಬಿಡುತ್ತದೆ, ಗಂಡು ಮಾತ್ರ ಬರುತ್ತದೆ. ಪತಂಗಗಳ ಬಲೆಗಳೆಲ್ಲ ಬಹುಮಟ್ಟಿಗೆ ಈ ಜಾತಿಯವು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದಾದ್ದರಿಂದ ಅರ್ಧದಷ್ಟು ಗಂಡುಗಳನ್ನು ಹಿಡಿದರೂ ಮೊಟ್ಟೆಗಳ ಲೆಕ್ಕ ಅಷ್ಟಾಗಿ ಇಳಿಯದು. ಅಂಥ ಬಲೆ ಕೀಟ ಬಂದಿದೆಯೇ, ಏರುತ್ತಿದೆಯೇ ಎಂದು ತಿಳಿಯಲು ಒಳ್ಳೆಯದು. ಮೂತಿ ಹುಳುವಿನ ಬಲೆಯಲ್ಲಿ ಹಾಗಲ್ಲ. ಬಿದ್ದ ಒಂದೊಂದು ಹೆಣ್ಣಿನ ಜೊತೆ ಅದು ಇನ್ನೂ ಇಡಬೇಕಿದ್ದ ಮೊಟ್ಟೆಗಳೂ ಹೋದವು.

ಬಕೆಟ್ ಬಲೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಐದು ಲೀಟರಿನ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ಸಾಕು. ಬಿಳಿಗಿಂತ ಕಪ್ಪು ಅಥವಾ ಕೆಂಪು ಬಣ್ಣದ್ದು ಮೇಲು. ಬಾಯಿಯಿಂದ ಮೂರು ನಾಲ್ಕು ಬೆರಳು ಕೆಳಗೆ ನಾಲ್ಕು ಕಡೆ ಕಿಂಡಿ ಕೊರೆಯಿರಿ. ಹುಳುವಿನ ಉದ್ದ ಮೂರು ಮೂರೂವರೆ ಸೆಂ.ಮೀ., ಹಾಗಾಗಿ ಕಿಂಡಿ 5 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರ ಇರಲಿ. ಹೊರಮೈಗೆ ಹಳೆ ಗೋಣಿಯನ್ನು ಸುತ್ತಿ ತಂತಿಯಲ್ಲಿ ಬಿಗಿಯಬೇಕು. ಇದನ್ನು ಬಿಡುವವರೇ ಹೆಚ್ಚು. ಮೂತಿ ಹುಳು ಹಾರಿ ಬಂದು ನೇರವಾಗಿ ಕಿಂಡಿಯೊಳಗೆ ನುಗ್ಗುವುದಿಲ್ಲ. ಬಕೆಟ್ಟಿನ ಮೇಲೋ ಹತ್ತಿರದಲ್ಲೋ ಇಳಿದು ನಡೆಯುತ್ತ ಹತ್ತುತ್ತದೆ. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಅದರ ಕಾಲು ನಿಲ್ಲುವುದಿಲ್ಲ, ಜಾರಿ ಬಿದ್ದು ಮರದ ದಾರಿ ಹಿಡಿಯುತ್ತದೆ. ಒಳಮೈ ಮಾತ್ರ ನುಣುಪಾಗಿಯೇ ಇರಬೇಕು, ಬಿದ್ದದ್ದು ಮೇಲೆ ಬರಬಾರದಲ್ಲ.

ಲೂರ್ ಅನ್ನು ಮುಚ್ಚಳದ ಒಳಗಡೆಯಿಂದ ತಂತಿಯಲ್ಲಿ ತೂಗುಬಿಡಿ, ನೀರಿಗೆ ತಾಗದಿರಲಿ. ಪೊಟ್ಟಣವನ್ನು ಕತ್ತರಿಸಬೇಡಿ, ಸೂಜಿಯಲ್ಲಿ ಚುಚ್ಚಬೇಡಿ. ವಾಸನೆ ಆ ಪ್ಲಾಸ್ಟಿಕ್ ಪದರದ ಮೂಲಕವೇ ದಿನಕ್ಕೆ ಕೆಲವು ಮಿಲಿಗ್ರಾಂನಷ್ಟು ಹೊರಬರುವಂತೆ ಮಾಡಿರುತ್ತಾರೆ. ಕತ್ತರಿಸಿದರೆ ಮೂರು ತಿಂಗಳ ಸರಕು ಕೆಲವೇ ದಿನಕ್ಕೆ ಆವಿಯಾಗಿ ಹೋಗುತ್ತದೆ. ಬಿಸಿಲೂ ಅದೇ ಕೆಲಸ ಮಾಡುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಬಯಲಿಗಿಟ್ಟ ಲೂರ್ ಅವಧಿಗೆ ಮೊದಲೇ ಖಾಲಿ. ಬಲೆಗೆ ನೆರಳು ಬೇಕು. ಬಳಸದ ಪೊಟ್ಟಣ ಫ್ರಿಜ್ಜಿನಲ್ಲಿರಲಿ. ಬರಿಗೈಯಲ್ಲಿ ಮುಟ್ಟಿ ಅದೇ ಕೈಯಲ್ಲಿ ಸಸಿಗಳ ಕೆಲಸ ಮಾಡಬಾರದು, ಮುಗಿದ ಪೊಟ್ಟಣವನ್ನು ತೋಟದಲ್ಲಿ ಎಸೆಯಲೂಬಾರದು.

ಬಕೆಟ್ಟಿನೊಳಗೆ ತಿನಿಸಿನ ವಾಸನೆ ಇಲ್ಲದಿದ್ದರೆ ಬರೀ ಲೂರ್‌ನಿಂದ ಹೆಚ್ಚು ಹುಳು ಬೀಳುವುದಿಲ್ಲ. ಫೆರೊಮೋನ್ ದೂರದಿಂದ ಎಳೆಯುತ್ತದೆ, ಹುಳಿಬಂದ ಹಣ್ಣಿನ ವಾಸನೆ ಹುಳುವನ್ನು ಕಿಂಡಿಯೊಳಗೆ ಇಳಿಸುತ್ತದೆ. ಒಂದು ಲೀಟರ್ ನೀರು, ಕಳಿತ ಬಾಳೆಹಣ್ಣು ಅಥವಾ ಜಜ್ಜಿದ ಕಬ್ಬಿನ ತುಂಡು, ಚಿಟಿಕೆ ಯೀಸ್ಟ್, ಸ್ವಲ್ಪ ಸಾಬೂನು ಪುಡಿ. ಸಾಬೂನು ಹಾಕಿದರೆ ಹುಳು ತೇಲದೆ ಮುಳುಗುತ್ತದೆ. ವಾರ ಹತ್ತು ದಿನಕ್ಕೊಮ್ಮೆ ಇದನ್ನು ಚೆಲ್ಲಿ ಹೊಸದು ಹಾಕಬೇಕು. ಬಲೆ ವಿಫಲವಾಗುವುದು ಬಹಳಷ್ಟು ಸಲ ಇಲ್ಲೇ: ಮೊದಲ ತಿಂಗಳು ಉತ್ಸಾಹ, ಎರಡನೆಯ ತಿಂಗಳಲ್ಲಿ ಬಕೆಟ್ ಒಣಗಿರುತ್ತದೆ. ಒಣ ಬಕೆಟ್ಟಿನಲ್ಲಿ ಲೂರ್ ಮಾತ್ರ ಕೆಲಸ ಮುಂದುವರಿಸುತ್ತಲೇ ಇರುತ್ತದೆ, ನಿಮ್ಮ ತೋಟಕ್ಕೆ ಹುಳು ಕರೆಯುವ ಕೆಲಸ. ಹತ್ತು ದಿನಕ್ಕೊಮ್ಮೆ ನೋಡಲು ಜನವಿಲ್ಲದವರು ಬಲೆ ಹಾಕದಿರುವುದೇ ಮೇಲು.

ಎಲ್ಲಿಡಬೇಕು? ಎರಡೂವರೆ ಎಕ್ರೆಗೆ, ಅಂದರೆ ಹೆಕ್ಟೇರಿಗೆ ಒಂದು ಸಾಕು. ತೋಟದ ನಡುವೆ ಬೇಡ, ಅಂಚಿನಲ್ಲಿರಲಿ. ಎಳೆ ತೆಂಗಿನಿಂದ ದೂರ, ಮಾವೋ ಹಲಸೋ ಇದ್ದರೆ ಅದರ ನೆರಳಿನಲ್ಲಿ, ಗೂಟಕ್ಕೆ ಕಟ್ಟಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ. ತೆಂಗಿನ ಮರಕ್ಕೆ ಕಟ್ಟಲೇಬಾರದು. ನಲವತ್ತು ಸೆಂಟ್ಸ್ ಜಾಗದವರು ಒಬ್ಬರೇ ಬಲೆ ಹಾಕಿದರೆ ಊರಿನ ಹುಳುವೆಲ್ಲ ಅವರಲ್ಲಿಗೆ. ಇಲ್ಲಿಯ ತುಂಡು ತುಂಡು ಹಿಡುವಳಿಗಳಲ್ಲಿ ಹತ್ತು ಹದಿನೈದು ಮನೆಯವರು ಸೇರಿ ಜಾಗ ನಿಶ್ಚಯಿಸಿ ಹಾಕಿದರೆ ಮಾತ್ರ ಫಲ. ಕೃಷಿಭವನದವರನ್ನು ಕರೆಸಿ ಜಾಗ ಗುರುತಿಸುವಾಗ ಬೇಲಿಯಾಚೆಯವರನ್ನೂ ಕರೆಯಿರಿ.

ಕುರುವಾಯಿಗೆ ಇದೇ ಬಕೆಟ್ ಸಾಲದು. ಅದರ ಗಂಡು ಬಿಡುವ ಎಥೈಲ್ 4-ಮೀಥೈಲ್ ಆಕ್ಟನೋಯೇಟ್ ಕೂಡ ಗುಂಪುಗೂಡಿಸುವ ಫೆರೊಮೋನೇ, ಆದರೆ ದುಂಬಿಯ ನಡವಳಿಕೆ ಬೇರೆ. ಭಾರದ ಮೈ, ಕತ್ತಲಾದ ಮೇಲೆ ಹಾರಾಟ, ತಿರುಗಲು ಬಾರದ ವೇಗ. ಬಕೆಟ್ಟಿನ ಮೇಲೆ ಎರಡು ತಗಡಿನ ಹಲಗೆಗಳನ್ನು ಅಡ್ಡಡ್ಡ ನಿಲ್ಲಿಸಿ ನಡುವೆ ಲೂರ್ ಕಟ್ಟಿದರೆ ಹಾರಿ ಬಂದದ್ದು ಬಡಿದು ಕೆಳಗೆ ಬೀಳುತ್ತದೆ. ಹಣ್ಣು ಬೇಕಿಲ್ಲ, ಗೋಣಿ ಬೇಕಿಲ್ಲ. ಎತ್ತರ ಎರಡು ಮೂರು ಮೀಟರ್. ನಮ್ಮ ಮಳೆಗೆ ತೆರೆದ ಬಕೆಟ್ ಒಂದೇ ರಾತ್ರಿಯಲ್ಲಿ ತುಂಬಿ ದುಂಬಿ ಅಂಚಿಗೆ ತೇಲಿ ಬರುತ್ತದೆ, ಆದ್ದರಿಂದ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರಲಿ. ಪಶ್ಚಿಮ ಕರಾವಳಿಯಲ್ಲಿ ಕುರುವಾಯಿಯ ಹಾವಳಿ ಏರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಗೆ ಹೆದರಿ ಆಟಿ ತಿಂಗಳಲ್ಲಿ ಬಲೆ ಬಿಚ್ಚಿಡುವುದು ಶುದ್ಧ ದಂಡ.

ಬಲೆ ಎಷ್ಟೇ ಚೆನ್ನಾಗಿದ್ದರೂ ಹಟ್ಟಿ ಗೊಬ್ಬರದ ಗುಂಡಿ ಹಾಗೇ ಇದ್ದರೆ ಕುರುವಾಯಿ ಮುಗಿಯದು. ಅದರ ಮರಿಗಳಿರುವುದು ಅಲ್ಲಿ, ಕೊಳೆತ ತೆಂಗಿನ ಕುತ್ತಿಯಲ್ಲಿ, ಗೊಬ್ಬರದ ರಾಶಿಯಲ್ಲಿ. ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಒದ್ದೆಯಿರುವಾಗ ಗುಂಡಿಗೆ ಬೆರೆಸಿದರೆ ಮರಿಗಳು ಗಟ್ಟಿಯಾಗಿ ಹಸಿರು ಬೂಷ್ಟು ಹಿಡಿದು ಸಾಯುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮವರ ಸಿಪಿಸಿಆರ್‌ಐ, ಬಹಳ ಕಾಲದಿಂದ ಹೇಳುತ್ತಿರುವುದೂ ಇದನ್ನೇ.

ತರಕಾರಿ ಚಪ್ಪರದಲ್ಲಿ ಬೇರೊಂದು ಎಡವಟ್ಟು ನಡೆಯುತ್ತದೆ. ತುಳಸಿಯಲ್ಲಿ ಮೀಥೈಲ್ ಯೂಜಿನಾಲ್ ಎಂಬ, ನೊಣವನ್ನು ಸೆಳೆಯುವ ರಾಸಾಯನಿಕ ಇದೆ. ತುಳಸಿ ಜಜ್ಜಿ ಗೆರಟೆಯಲ್ಲಿಟ್ಟ ಬಲೆಗೆ ನೊಣ ಬೀಳುತ್ತದೆ ನಿಜ. ಆದರೆ ಅದು ಮಾವು, ಪೇರಳೆಯ ಹಣ್ಣುನೊಣದ ಗಂಡು. ಹಾಗಲ, ಹೀರೆ, ಪಡುವಲ ಕೆಡಿಸುವ ನೊಣ ಬೇರೆ ಜಾತಿ, ಅದಕ್ಕೆ ಕ್ಯೂ ಲೂರ್ ಬೇಕು. ಅಲ್ಲೂ ಬರುವುದು ಗಂಡು ಮಾತ್ರ. ಉದುರಿದ, ಚುಚ್ಚಿದ ಕಾಯಿಗಳನ್ನು ಹೆಕ್ಕಿ ಆಳವಾಗಿ ಹೂಳದೆ ಬಲೆಯೊಂದನ್ನೇ ನಂಬಿದರೆ ಹಾಗಲಕಾಯಿ ಉಳಿಯದು. ಹಳದಿ ಅಂಟುಪಟ್ಟಿಯನ್ನೂ ಕೆಲವರು ಮೋಹಕ ಬಲೆ ಎಂದೇ ಮಾರುತ್ತಾರೆ. ಬಿಳಿನೊಣ ಅದಕ್ಕೆ ಬರುವುದು ಬಣ್ಣಕ್ಕೆ, ವಾಸನೆಗಲ್ಲ.

ಎಣ್ಮಕಜೆಯಂಥ ಊರುಗಳ ಗೇರು ತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ಸಿಂಪರಣೆ ಬೇಡದ ದಾರಿ ಸಿಕ್ಕಿದರೆ ಇಲ್ಲಿಯವರು ಹಿಂದೆ ಮುಂದೆ ನೋಡದೆ ಒಪ್ಪಿಕೊಳ್ಳುವುದು ಸಹಜ. ಆದರೆ ಮರದೊಳಗೆ ಇಳಿದ ಮರಿಯನ್ನು ಯಾವ ಲೂರೂ ಹೊರಗೆ ತೆಗೆಯದು. ಬಲೆಯ ಜೊತೆಗೆ ಮರವನ್ನೂ ನೋಡುತ್ತಿರಬೇಕು: ಕಾಂಡದಲ್ಲಿ ತೂತು, ಅದರಿಂದ ಅಗಿದ ನಾರು, ಕಂದು ರಸ ಸೋರುವುದು, ಕಿವಿಯಿಟ್ಟರೆ ಕರಕರ ಸದ್ದು. ಹಸಿ ಮಡಲು ಕಡಿಯುವಾಗ ಕಾಂಡದಿಂದ ಒಂದು ಮೀಟರಿನಷ್ಟಾದರೂ ಬುಡ ಬಿಟ್ಟು ಕಡಿಯಿರಿ. ಕಡಿದ ಗಾಯದಿಂದ ಒಳಹೊಕ್ಕ ಮರಿ ಅಷ್ಟು ದೂರ ಕೊರೆದು ಕಾಂಡ ತಲುಪುವುದು ಕಷ್ಟ. ಬೇಗ ಗೊತ್ತಾದರೆ ತೂತನ್ನು ಚೊಕ್ಕಮಾಡಿ, ಕೆಳಗಿನ ತೂತುಗಳನ್ನು ಮುಚ್ಚಿ, ಲೀಟರ್ ನೀರಿಗೆ 1 ಮಿ.ಲೀ.ನಂತೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬೆರೆಸಿ ಮೇಲಿನ ತೂತಿನಿಂದ ಹೊಯ್ದು ಅದನ್ನೂ ಮುಚ್ಚಬೇಕು. ಸುಳಿ ಕಳಚಿ ಬಿದ್ದ ಮರಕ್ಕೆ ಮದ್ದಿಲ್ಲ. ಅದನ್ನು ನಿಂತಲ್ಲೇ ಬಿಟ್ಟು ಪಕ್ಕದಲ್ಲಿ ಬಲೆ ತೂಗಿಸಿ ಪ್ರಯೋಜನವಿಲ್ಲ. ಕಡಿದು, ಸೀಳಿ, ಒಳಗಿನ ಮರಿ ಮತ್ತು ನಾರಿನ ಗೂಡುಗಳ ಸಮೇತ ಸುಟ್ಟುಬಿಡಿ.