ಅವರ ಕಸ ಬೇರೆ, ನಮ್ಮ ಕಸ ಬೇರೆ

ನಾನು ಒಸಾಕಾದಲ್ಲಿ ಕೆಲಸ ಮಾಡಿ ಬಂದವಳು ಅಂತ ಗೊತ್ತಾದರೆ ಸಾಕು, ಮದುವೆ, ನಾಮಕರಣ ಎಲ್ಲ ಕಡೆ ಒಂದೇ ಪ್ರಶ್ನೆ. "ಜಪಾನೀಸ್ ನಮ್ಮ ಕಡೆಯಿಂದಲೇ ಹೋದದ್ದಂತೆ, ಅಲ್ವಾ? ತುಂಬಾ ಕನ್ನಡ ಪದ ಇದಾವಂತೆ!"

ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇದು ಪ್ರಶ್ನೆಯೂ ಅಲ್ಲ. ಉತ್ತರ ಮೊದಲೇ ತೀರ್ಮಾನ ಆಗಿರುತ್ತದೆ, ನಾನು ತಲೆಯಾಡಿಸಬೇಕು ಅಷ್ಟೇ.

ಪದಗಳು ಇರುವುದು ನಿಜ. ಅಮ್ಮ ಒಮ್ಮೆ ಮಳೆಗಾಲದಲ್ಲಿ ಒಸಾಕಾಕ್ಕೆ ಬಂದಿದ್ದಳು. ಅಂಗಡಿಯಿಂದ ಹೊರಟಾಗ ಅಲ್ಲಿಯ ಹೆಂಗಸು "ಕಸ, ಕಸ" ಎನ್ನುತ್ತಾ ಹಿಂದೆಯೇ ಓಡಿ ಬಂದರು. ಕೈಯಲ್ಲಿ ಅಮ್ಮ ಮರೆತ ಛತ್ರಿ. ಅಮ್ಮನ ಮುಖ ಸಣ್ಣದಾಯಿತು. "ಹೋದ ತಿಂಗಳು ತಗೊಂಡಿದ್ದು ಕಣೇ, ಅದು ಹೇಗೆ ಕಸ ಆಗುತ್ತೆ?"

ಜಪಾನೀಸಿನಲ್ಲಿ ಕಸ ಅಂದರೆ ಛತ್ರಿ. ಸರ ಅಂದರೆ ತಟ್ಟೆ. ಕರೆ ಅಂದರೆ ಅವನು. ಮನೆ ಅಂದರೆ ಅನುಕರಣೆ. ಯಮ ಅಂದರೆ ಬೆಟ್ಟ! ಅರ್ಥ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಆ ಭಾಷೆಯಲ್ಲಿ ಐದೇ ಸ್ವರ, ಹೆಚ್ಚಿನ ಪದಗಳು ನಮ್ಮವುಗಳಂತೆ ಸ್ವರದಲ್ಲೇ ಮುಗಿಯುತ್ತವೆ. ಎರಡಕ್ಷರದ ಪುಟ್ಟ ಪದಗಳು ಸುಮ್ನೆ ಹೀಗೆ ಹೊಂದಿಬಿಡುತ್ತವೆ.

ನೆಂಟಸ್ತಿಕೆ ಅಂದರೆ ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ಹುಲಿ, ಪಲ್ ಹಲ್ಲು ಆದಂತೆ. ಅರ್ಥ ಅದೇ, ಪದ ಪದದಲ್ಲೂ ಒಂದೇ ಬದಲಾವಣೆ. ತಮಿಳಿಗೂ ಜಪಾನೀಸಿಗೂ ನಂಟಿದೆ ಅಂತ ಜಪಾನಿನ ವಿದ್ವಾಂಸ ಸುಸುಮು ಓನೊ ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.

ನಮ್ಮ ಯಮ ಜಪಾನಿಗೆ ಹೋಗಿದ್ದನಾ ಅಂತ ಯಾಕೆ ಯಾರೂ ಕೇಳುವುದಿಲ್ಲ? ಹೋಗಿದ್ದಾನೆ! ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನು ಸೇರಿದ. ಅಲ್ಲಿ ಅವನ ಹೆಸರು ಎನ್ಮ. ಸುಳ್ಳು ಹೇಳಿದರೆ ಎನ್ಮ ನಾಲಿಗೆ ಕೀಳುತ್ತಾನೆ ಅಂತ ಮಕ್ಕಳನ್ನು ಹೆದರಿಸುತ್ತಾರೆ. ಯಮ ಅಂತಲೇ ಕೇಳಿಸುವ ಬೆಟ್ಟ ನಮಗೆ ಏನೂ ಆಗಬೇಕಿಲ್ಲ. ಗುರುತೇ ಸಿಗದ ಎನ್ಮ ನಮ್ಮವನು. ದಾನವೂ ಅದೇ ದಾರಿಯಲ್ಲಿ ಹೋಗಿ 'ದನ್ನ' ಆಯಿತು. ಮೊದಲು ಗುಡಿಗೆ ದಾನ ಕೊಡುವವನು, ಆಮೇಲೆ ಯಜಮಾನ, ಈಗ ಗಂಡ. ಇದನ್ನು ಕೇಳಿ, ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಅಕ್ಷರಮಾಲೆಯೂ ಹಾಗೆಯೇ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಸನ್ಯಾಸಿಗಳ ಮೂಲಕ ಬಂದ ಕ್ರಮ ಅದು. ಮೊದಲ ಸಲ ತರಗತಿಯಲ್ಲಿ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಛತ್ರಿ ಸಿಕ್ಕ ಆ ಸಂಜೆ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಬೆರಳು ಮಡಚುತ್ತಾ ತನ್ನ ಪಾಡಿಗೆ ಹೇಳಿಕೊಂಡು ನಡುವೆ ನಿಂತಳು.

"ಯ ರ ಆದಮೇಲೆ ಲ ಎಲ್ಲಿ ಹೋಯ್ತೇ?"

ಅವರಲ್ಲಿ ಲ ಇಲ್ಲಮ್ಮ ಅಂದೆ. ಆಮೇಲೆ ರಾತ್ರಿ ಹನ್ನೊಂದರವರೆಗೆ ಅದೇ ಮಾತು.